ಗಣಕಯಂತ್ರದ ಧ್ವನಿಯನ್ನು ಸ್ಟೀರಿಯೋದಿಂದ ಮೋನೋಗೆ ಬದಲಾಯಿಸುವುದು: ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಒಂದು ಕಿವಿಯಲ್ಲಿ ಮಾತ್ರ ಶ್ರವಣಶಕ್ತಿ ಇರುವವರು ಹೆಡ್‌ಫೋನ್ ಧರಿಸಿ ಗಣಕಯಂತ್ರದಲ್ಲಿ ಪಾಠ, ಸಂದರ್ಶನ ಅಥವಾ ಚಲನಚಿತ್ರಗೀತೆ ಆಲಿಸುವಾಗ ಅದರ ಒಂದು ಭಾಗ ಅವರಿಗೆ ಕೇಳಿಸದೇ ಹೋಗುವ ಸಾಧ್ಯತೆ ಇರುತ್ತದೆ. ಸ್ಟೀರಿಯೋ ವಿಧಾನದಲ್ಲಿ ಎಡ ಮತ್ತು ಬಲ ಕಿವಿಗಳಿಗೆ ಬೇರೆ ಬೇರೆ ಧ್ವನಿ ರವಾನೆಯಾಗುವುದೇ ಇದಕ್ಕೆ ಕಾರಣ. ಪ್ರಶ್ನೆ ಕೇಳುವವರ ಧ್ವನಿ ಎಡಕ್ಕೂ, ಉತ್ತರಿಸುವವರ ಧ್ವನಿ ಬಲಕ್ಕೂ ಮುದ್ರಿತವಾಗಿದ್ದಲ್ಲಿ ಬಲಗಿವಿ ಕೇಳದ ವಿದ್ಯಾರ್ಥಿಗೆ ಪ್ರಶ್ನೆಗಳು ಮಾತ್ರ ದೊರೆಯುತ್ತವೆ. ಮೋನೋ ವಿಧಾನವು ಎರಡನ್ನೂ ಕೂಡಿಸಿ ಅದೇ ಧ್ವನಿಯನ್ನು ಎರಡೂ ಕಡೆಗೆ ಕಳುಹಿಸುತ್ತದೆ.

ಈ ಸೌಲಭ್ಯಕ್ಕೆ ಅರ್ಜಿ, ಶುಲ್ಕ ಅಥವಾ ಪ್ರಮಾಣಪತ್ರದ ಅಗತ್ಯವಿರುವುದಿಲ್ಲ. ಇದನ್ನು ವಿಶೇಷವಾಗಿ ತಿಳಿಸಲು ಕಾರಣವಿದೆ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಪ್ರಕಾರ ಎರಡೂ ಕಿವಿಗಳಲ್ಲಿ 60 ರಿಂದ 70 ಡೆಸಿಬಲ್ ಶ್ರವಣ ನಷ್ಟವಿರುವವರನ್ನು ಮಂದಶ್ರವಣದವರೆಂದೂ, ಎರಡೂ ಕಿವಿಗಳಲ್ಲಿ 70 ಡೆಸಿಬಲ್ ನಷ್ಟವಿರುವವರನ್ನು ಕಿವುಡರೆಂದೂ ಪರಿಗಣಿಸಲಾಗುತ್ತದೆ. ಒಂದೇ ಕಿವಿ ಕೇಳದವರು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ; ಶೇ. 40ರ ಮಿತಿಯನ್ನು ಅವಲಂಬಿಸಿದ ಸವಲತ್ತುಗಳೂ ಅವರಿಗೆ ಸಾಮಾನ್ಯವಾಗಿ ದೊರೆಯುವುದಿಲ್ಲ. ಅಂಥವರಿಗೆ ಈ ಸಣ್ಣ ಬದಲಾವಣೆಯೇ ಕೈಗೆ ಸಿಗುವ ನೆರವಾಗಿದೆ.

ವಿಂಡೋಸ್ 11 ಇರುವ ಯಂತ್ರದಲ್ಲಿ ಕೀಲಿಮಣೆಯ ವಿಂಡೋಸ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿದಲ್ಲಿ ಆಕ್ಸೆಸಿಬಿಲಿಟಿ ಪುಟ ತೆರೆಯುತ್ತದೆ. ಅಲ್ಲಿ ಆಡಿಯೋ ವಿಭಾಗಕ್ಕೆ ಹೋಗಿ ಮೋನೋ ಆಡಿಯೋ ಸ್ವಿಚ್ಚನ್ನು ಆನ್ ಮಾಡತಕ್ಕದ್ದು. ವಿಂಡೋಸ್ 10ರಲ್ಲಿ ಇದೇ ಪುಟಕ್ಕೆ ಈಸ್ ಆಫ್ ಆಕ್ಸೆಸ್ ಎಂಬ ಹೆಸರಿದೆ. ಆಂಡ್ರಾಯ್ಡ್ ಮೊಬೈಲ್‌ಗಳ ಆಕ್ಸೆಸಿಬಿಲಿಟಿ ವಿಭಾಗದಲ್ಲಿಯೂ ಮೋನೋ ಆಯ್ಕೆ ಲಭ್ಯವಿದ್ದು, ತಯಾರಕರನ್ನು ಅನುಸರಿಸಿ ಅದರ ಸ್ಥಾನ ಬದಲಾಗಬಹುದು. ಗ್ರಂಥಾಲಯ ಅಥವಾ ಸೇವಾ ಕೇಂದ್ರದ ಯಂತ್ರವನ್ನು ಬಳಸಿದವರು ಕೆಲಸ ಮುಗಿದ ನಂತರ ಸ್ವಿಚ್ಚನ್ನು ಆಫ್ ಮಾಡುವುದು ಸೂಕ್ತ.

ಹಲವರು ಮೋನೋ ಬದಲಿಗೆ ಬ್ಯಾಲೆನ್ಸ್ ಗುಂಡಿಯನ್ನು ಪೂರ್ತಿ ಒಂದು ಬದಿಗೆ ಸರಿಸುತ್ತಾರೆ. ಇದು ಸರಿಯಲ್ಲ. ಹೀಗೆ ಮಾಡಿದಲ್ಲಿ ಇನ್ನೊಂದು ಬದಿಯ ಧ್ವನಿ ನಿಂತುಹೋಗುತ್ತದೆಯೇ ಹೊರತು ಕೇಳುವ ಕಿವಿಗೆ ಬಂದು ಸೇರುವುದಿಲ್ಲ. ಧ್ವನಿಯನ್ನು ವಿಪರೀತ ಹೆಚ್ಚಿಸುವುದರಿಂದಲೂ ಪ್ರಯೋಜನವಿಲ್ಲ. ಉಳಿದಿರುವ ಒಂದು ಕಿವಿಗೆ ಅಪಾಯವೇ ಹೆಚ್ಚು. ಮೋನೋದಲ್ಲಿ ಧ್ವನಿ ಯಾವ ದಿಕ್ಕಿನಿಂದ ಬಂತೆಂಬುದು ತಿಳಿಯುವುದಿಲ್ಲ. ಪಾಠ ಕೇಳುವವರಿಗೆ ಇದು ದೊಡ್ಡ ನಷ್ಟವೇನೂ ಅಲ್ಲ.

ಮೋನೋ ಚಿಕಿತ್ಸೆಯಲ್ಲ. ಒಂದು ಕಿವಿಯ ಶ್ರವಣಶಕ್ತಿ ಹಠಾತ್ತನೆ ಕುಗ್ಗಿದಲ್ಲಿ ಅದನ್ನು ತುರ್ತು ಪರಿಸ್ಥಿತಿ ಎಂದು ಭಾವಿಸಿ, ತಡಮಾಡದೆ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣತಕ್ಕದ್ದು. ಚಿಕಿತ್ಸೆ ಫಲಿಸುವ ಅವಧಿ ಕೆಲವೇ ದಿನಗಳಿಂದ ವಾರಗಳಷ್ಟು. ಎರಡೂ ಕಿವಿಗಳಲ್ಲಿ ತೊಂದರೆ ಇರುವವರು ಯು.ಡಿ.ಐ.ಡಿ. ಗುರುತಿನ ಚೀಟಿಗಾಗಿ ಸ್ವಾವಲಂಬನ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು. ಈ ಮೂರೂ ತಾಲ್ಲೂಕುಗಳ ಅರ್ಜಿದಾರರು, ಹಿಂದೆ ಗೋಕಾಕ ತಾಲ್ಲೂಕಿಗೆ ಸೇರಿದ್ದ ಮೂಡಲಗಿ ಭಾಗದವರೂ ಸೇರಿದಂತೆ, ತಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಂದ ಅಥವಾ ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿಂದ ಸಹಾಯ ಪಡೆಯಬಹುದಾಗಿದೆ.