ಬೆಳಗಿನ ಸರತಿಯಿಂದ ತೋಳಿನ ಬಿಲ್ಲೆಯವರೆಗೆ

ಐದು ಎಂಎಲ್ ಬೆನೆಡಿಕ್ಟ್ ದ್ರಾವಣ, ಎಂಟು ಹನಿ ಮೂತ್ರ. ಟೆಸ್ಟ್ ಟ್ಯೂಬನ್ನು ಹಿಡಿಕೆಯಲ್ಲಿ ಓರೆಯಾಗಿ ಹಿಡಿದು, ಅದರ ಬಾಯಿ ಯಾರ ಕಡೆಗೂ ತಿರುಗದಂತೆ ನೋಡಿಕೊಂಡು, ಸ್ಪಿರಿಟ್ ದೀಪದ ಮೇಲೆ ಅಲ್ಲಾಡಿಸುತ್ತ ಕುದಿಸಬೇಕು. ತಣಿದ ಮೇಲೂ ನೀಲಿ ನೀಲಿಯಾಗಿಯೇ ಇದ್ದರೆ ಸಕ್ಕರೆ ಇಲ್ಲ. ಹಸಿರಾದರೆ ಒಂದು ಪ್ಲಸ್, ಹಳದಿಗೆ ಎರಡು, ಕಿತ್ತಳೆಗೆ ಮೂರು, ಇಟ್ಟಿಗೆ ಕೆಂಪಿಗೆ ನಾಲ್ಕು. ಜೆಪ್ಪುವಿನ ಹಂಚಿನ ಬಣ್ಣ ಎಂದರೆ ನಮ್ಮ ಊರಿನವರಿಗೆ ಇನ್ನೂ ಬೇಗ ಅರ್ಥವಾಗುತ್ತಿತ್ತು. ಎಪ್ಪತ್ತರ ದಶಕದ ಕೊನೆಗೆ ಮಂಗಳೂರಿನ ಒಂದು ಲ್ಯಾಬಿಗೆ ಸೇರಿದಾಗ ನಾನು ಕಲಿತ ಮೊದಲ ಕೆಲಸ ಇದು.

ಈ ಪರೀಕ್ಷೆ ನಮ್ಮ ಊರಿನಲ್ಲಿ ಬೇರೂರಿದ್ದು ವಾರ್ಡುಗಳಲ್ಲಿ. ಇಲ್ಲಿನ ಜಿಲ್ಲಾ ಆಸ್ಪತ್ರೆ ಶುರುವಾದದ್ದು 1848ರಲ್ಲಿ. ಆಗ ನಾವು ಮದ್ರಾಸಿನ ಆಡಳಿತದಲ್ಲಿದ್ದೆವು, ಮುಂದೆ ಮದ್ರಾಸಿನ ಗವರ್ನರ್ ಆದ ಲಾರ್ಡ್ ವೆನ್ಲಾಕ್‌ನ ಹೆಸರು ಆ ಆಸ್ಪತ್ರೆಗೆ ಉಳಿದುಕೊಂಡಿತು. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದರು. ಅದರ ವಿದ್ಯಾರ್ಥಿಗಳು ರೋಗಿಗಳ ನಡುವೆ ನಿಂತು ಕಲಿಯಲು ಬಂದದ್ದು ವೆನ್ಲಾಕಿಗೆ. ವೈದ್ಯ ವಿದ್ಯಾರ್ಥಿಗಳಿರುವ ಆಸ್ಪತ್ರೆಯಲ್ಲಿ ವಾರ್ಡಿನ ಪಕ್ಕದಲ್ಲೇ ಒಂದು ಸಣ್ಣ ಸೈಡ್ ಲ್ಯಾಬ್, ಅಲ್ಲಿ ದೀಪ, ಟ್ಯೂಬಿನ ಸ್ಟ್ಯಾಂಡು, ನೀಲಿ ಬಾಟ್ಲಿ. ಈ ಜಿಲ್ಲೆಯ ಮೂಲೆ ಮೂಲೆಯಲ್ಲಿ ಕ್ಲಿನಿಕ್ ಇಟ್ಟ ಎಷ್ಟೋ ಹಿರಿಯ ಡಾಕ್ಟರುಗಳು ಮೊದಲು ಸಕ್ಕರೆ ಕಂಡದ್ದು ಅಂಥ ದೀಪದ ಮೇಲೆಯೇ.

ಆ ಬಣ್ಣ ಸಾಮಾನ್ಯವಾಗಿ ಸುಳ್ಳು ಹೇಳುತ್ತಿರಲಿಲ್ಲ, ಆದರೆ ತಡವಾಗಿ ಹೇಳುತ್ತಿತ್ತು. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ ಮೇಲೆಯೇ ಮೂತ್ರಪಿಂಡ ಅದನ್ನು ಹೊರಗೆ ಬಿಡುತ್ತದೆ. ಮೂತ್ರಕೋಶದಲ್ಲಿ ನಿಂತ ಮೂತ್ರ ಕಳೆದ ಕೆಲವು ಗಂಟೆಗಳ ಸುದ್ದಿ, ಈ ಕ್ಷಣದ್ದಲ್ಲ. ಸಕ್ಕರೆ 120 ಇದ್ದರೂ ನೀಲಿ, ಅಪಾಯಕ್ಕೆ ಇಳಿದು 45 ಆದರೂ ಅದೇ ನೀಲಿ.

ರಕ್ತಪರೀಕ್ಷೆ ಇರಲಿಲ್ಲವೆಂದಲ್ಲ. ಹಿರಿಯರು ಫೋಲಿನ್-ವೂ ವಿಧಾನದಲ್ಲಿ ಮಾಡಿದ್ದರು. ಅದರಲ್ಲಿ ಸಕ್ಕರೆಯಲ್ಲದ ಬೇರೆ ಪದಾರ್ಥಗಳೂ ಲೆಕ್ಕಕ್ಕೆ ಸೇರಿ ಅಂಕಿ ಸ್ವಲ್ಪ ಏರಿಯೇ ಬರುತ್ತಿತ್ತು. ನನ್ನ ಕಾಲಕ್ಕೆ ಆರ್ಥೋ ಟಾಲ್ಯುಡಿನ್. ಅಸೆಟಿಕ್ ಆಸಿಡ್‌ನಲ್ಲಿ ಕಲಸಿದ ಆ ದ್ರಾವಣಕ್ಕೆ ಸೀರಂ ಹಾಕಿ ಕುದಿಯುವ ನೀರಿನಲ್ಲಿ ಇಟ್ಟರೆ ಹಸಿರು ಬಣ್ಣ ಏಳುತ್ತದೆ, ಕಲರಿಮೀಟರ್‌ನಲ್ಲಿ ಓದಬೇಕು. ಅದರ ಹಬೆಗೆ ಕಣ್ಣುರಿ, ಸಂಜೆ ಮನೆಗೆ ಹೋದರೂ ಸೀರೆಯಲ್ಲಿ ಆ ಹುಳಿ ವಾಸನೆ. ಆ ರಾಸಾಯನಿಕ ಕ್ಯಾನ್ಸರ್‌ಕಾರಕವೆಂದು ಈಗ ಎಲ್ಲರಿಗೂ ಗೊತ್ತು. ಊರಿನ ಸಕ್ಕರೆ ಅಳೆಯಲು ಅದನ್ನು ಉಸಿರಾಡಿದ ಟೆಕ್ನಿಷಿಯನ್‌ಗಳ ಹೆಸರು ಎಲ್ಲೂ ದಾಖಲಾಗಿಲ್ಲ.

ರೋಗಿಗೆ ಅದು ಅರ್ಧ ದಿನದ ಕೆಲಸ. ಉಳ್ಳಾಲ, ತೊಕ್ಕೊಟ್ಟಿನ ಬೀಡಿ ಕಟ್ಟುವ ಹೆಂಗಸರು, ಬಂದರಿನ ಅಂಗಡಿಯವರು, ಮಂಜೇಶ್ವರ ಉಪ್ಪಳದವರು ಮೊದಲ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಬರುತ್ತಿದ್ದರು. ಒಮ್ಮೆ ರಕ್ತ ಕೊಟ್ಟು, ಪಕ್ಕದ ಹೋಟೆಲಿನಲ್ಲಿ ಇಡ್ಲಿಯನ್ನೋ ಬನ್ಸನ್ನೋ ತಿಂದು, ಎರಡು ಗಂಟೆ ಬೆಂಚಿನಲ್ಲಿ ಕೂತು ಇನ್ನೊಮ್ಮೆ ಕೊಡಬೇಕು. "ಮೇಡಂ, ಎಷ್ಟು ಉಂಟು?" ಎಂಬ ಪ್ರಶ್ನೆಗೆ ಉತ್ತರ ಸಂಜೆಗೆ, ಚೀಟಿಯಲ್ಲಿ. ಬೀಡಿ ಕಟ್ಟುವವರಿಗೆ ಅಂದಿನ ಕೂಲಿ ಹೋಯಿತು.

ಅವರಲ್ಲಿ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ ಒಬ್ಬ ಹೆಂಗಸನ್ನು ನಾನು ಮರೆತಿಲ್ಲ. ನಡುರಾತ್ರಿ ಎದ್ದು ಬೆವರಿ ಏನೇನೋ ಮಾತಾಡುತ್ತಾಳೆ, ಸಕ್ಕರೆ ನೀರು ಕುಡಿಸಿದರೆ ಸರಿಯಾಗುತ್ತಾಳೆ ಎಂದು ಗಂಡ ಹೇಳುತ್ತಿದ್ದರು. ಬೆಳಿಗ್ಗೆ ನಮ್ಮ ಚೀಟಿಯಲ್ಲಿ ಮಾತ್ರ ಸಕ್ಕರೆ ಜಾಸ್ತಿ. ರಾತ್ರಿ ಮೂರು ಗಂಟೆಯ ಸಕ್ಕರೆ ಎಷ್ಟೆಂದು ಹೇಳುವ ದಾರಿ ಈ ಊರಿನ ಯಾವ ಲ್ಯಾಬಿಗೂ ಇರಲಿಲ್ಲ. ಬೆಳಗಿನ ಎರಡು ಗಳಿಗೆಗಳನ್ನು ಅಳೆದು ಒಂದಿಡೀ ಊರಿನ ಕಾಯಿಲೆ ಗೊತ್ತಾಯಿತೆಂದು ನಾವೆಲ್ಲ ನಂಬಿದ್ದೆವು. ಮಧ್ಯಾಹ್ನದ ಕುಚ್ಚಲಕ್ಕಿ ಊಟ, ಸಂಜೆಯ ಗೋಳಿಬಜೆ, ರಂಜಾನಿನ ಉಪವಾಸ, ಭೂತಕೋಲದ ರಾತ್ರಿಯ ನಿದ್ದೆಗೇಡು, ಇವು ಯಾವುವೂ ಚೀಟಿಯಲ್ಲಿ ಬರಲಿಲ್ಲ.

ಮುಂದಿನದು ಬೇಗ ಬೇಗ ಬಂತು. ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವದ ಕಿಟ್‌ಗಳು ಬಂದು ಹಬೆ ತಪ್ಪಿತು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಬಂತು. ಒಳ್ಳೆಯ ಪರೀಕ್ಷೆ, ಆದರೆ 50 ಮತ್ತು 250ರ ನಡುವೆ ಓಲಾಡುವವರ ಸರಾಸರಿಯೂ ನೋಡಲು ಸಭ್ಯವಾಗಿಯೇ ಇರುತ್ತದೆ. ಆಮೇಲೆ ಹಂಪನಕಟ್ಟೆಯ ಮೆಡಿಕಲ್ ಶಾಪುಗಳಲ್ಲಿ ಗ್ಲುಕೋಮೀಟರ್ ಬಂತು, ಅಂಕಿ ಮೊದಲ ಸಲ ರೋಗಿಯ ಮನೆಗೆ ಹೋಯಿತು. ಸ್ಟ್ರಿಪ್ಪಿನ ಬೆಲೆ ನೋಡಿ ಜನ ವಾರಕ್ಕೊಮ್ಮೆ ಚುಚ್ಚಿಕೊಂಡರು, ಅದೂ ಹಳೆಯ ಅಭ್ಯಾಸದಂತೆ ಬೆಳಿಗ್ಗೆಯೇ.

ತೋಳಿಗೆ ಅಂಟಿಸಿಕೊಂಡು ಹಗಲುರಾತ್ರಿ ಸಕ್ಕರೆ ಅಳೆಯುವ ಸೆನ್ಸರಿನ ಬೇರು 1962ರಲ್ಲಿದೆ. ಅಮೆರಿಕದ ಲೀಲಂಡ್ ಕ್ಲಾರ್ಕ್ ಅದೇ ಕಿಣ್ವವನ್ನು ವಿದ್ಯುದ್ವಾರದ ತುದಿಗೆ ಕೂರಿಸಬಹುದೆಂದು ತೋರಿಸಿದ ವರ್ಷ ಅದು. 1999ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಯಂತ್ರ ಮೂರು ದಿನದ ಅಂಕಿಗಳನ್ನು ಕೂಡಿಟ್ಟು ಡಾಕ್ಟರಿಗೆ ಮಾತ್ರ ತೋರಿಸುತ್ತಿತ್ತು. ಬೆರಳು ಚುಚ್ಚಿ ಸರಿಹೊಂದಿಸುವ ಅಗತ್ಯವಿಲ್ಲದ ಫ್ರೀಸ್ಟೈಲ್ ಲಿಬ್ರೆ ಯುರೋಪಿನಲ್ಲಿ ಬಂದದ್ದು 2014ರಲ್ಲಿ. ಮರುವರ್ಷ ಭಾರತಕ್ಕೆ ಬಂದದ್ದು ಅದರ ಪ್ರೋ ಮಾದರಿ. ಹದಿನಾಲ್ಕು ದಿನ ಹಾಕಿಕೊಂಡವರಿಗೆ ಏನೂ ಕಾಣದು, ಕ್ಲಿನಿಕ್ಕಿನಲ್ಲಿ ಓದಬೇಕು. ರೋಗಿಯೇ ನೋಡಬಹುದಾದದ್ದು ಇಲ್ಲಿ ಸಿಕ್ಕಿದ್ದು 2020ರಲ್ಲಿ.

ಆ ವರ್ಷವನ್ನು ನಾವು ಬೇರೆ ಕಾರಣಕ್ಕೂ ನೆನಪಿಟ್ಟಿದ್ದೇವೆ. ಮಾರ್ಚಿನಲ್ಲಿ ಕೊರೋನಾದಿಂದಾಗಿ ಕೇರಳದ ಕಡೆಯ ತಲಪಾಡಿ ಗಡಿ ಮುಚ್ಚಿತು. ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ ಕಾಸರಗೋಡಿನವರ ಆಂಬುಲೆನ್ಸ್‌ಗಳೂ ಅಲ್ಲೇ ನಿಂತವು. ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ರೋಗಿಯ ಸಕ್ಕರೆಯ ಅಂಕಿ ಗಡಿ ದಾಟಿ ಡಾಕ್ಟರ ಫೋನಿಗೆ ತಲುಪುವುದಕ್ಕೆ ಎಷ್ಟು ಬೆಲೆಯಿದೆಯೆಂದು ಆ ವಾರಗಳಲ್ಲಿ ಅರ್ಥವಾಯಿತು.

ನಿವೃತ್ತಿಯ ನಂತರ ನನಗೂ ಶುಗರ್ ಬಂತು, ನಾನೂ ಸೆನ್ಸರ್ ಹಾಕಿಸಿಕೊಂಡೆ. ಎರಡು ರೂಪಾಯಿ ನಾಣ್ಯಕ್ಕಿಂತ ಅಷ್ಟೇನೂ ದೊಡ್ಡದಲ್ಲದ ಬಿಳಿ ಬಿಲ್ಲೆ, ತೋಳಿನ ಹಿಂಭಾಗಕ್ಕೆ ಒತ್ತಿದರೆ ಟಕ್ಕೆಂದು ಕೂರುತ್ತದೆ. ಕೂದಲಿನಂಥ ಎಳೆ ಐದು ಮಿಲಿಮೀಟರಿನಷ್ಟು ಚರ್ಮದೊಳಗೆ ಉಳಿಯುತ್ತದೆ. ಆ ಎಳೆಯ ಮೇಲಿರುವುದು ನಾನು ವರ್ಷಗಟ್ಟಲೆ ಪಿಪೆಟ್ಟಿನಲ್ಲಿ ಹಾಕುತ್ತಿದ್ದ ಅದೇ ಗ್ಲೂಕೋಸ್ ಆಕ್ಸಿಡೇಸ್. ಅದು ರಕ್ತವನ್ನು ಅಳೆಯುವುದಿಲ್ಲ, ಜೀವಕೋಶಗಳ ನಡುವಿನ ದ್ರವವನ್ನು ಅಳೆಯುತ್ತದೆ. ಹಾಗಾಗಿ ಏರಿಳಿತ ಜೋರಾಗಿರುವಾಗ ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರುತ್ತದೆ. ಆ ತೋಳಿನ ಮೇಲೆ ಮಲಗಿದರೆ ಒತ್ತಡಕ್ಕೆ ಇಲ್ಲದ ಇಳಿತ ತೋರಿಸುತ್ತದೆ. ಮೇ ತಿಂಗಳ ನಮ್ಮ ಬೆವರಿಗೆ ಅಂಟು ಬಿಡುತ್ತದೆ, ಮೇಲೊಂದು ಟೇಪ್ ಬೇಕು. ಅಂಕಿಗೂ ಮೈಯ ಅನುಭವಕ್ಕೂ ಹೊಂದದಿದ್ದರೆ ಬೆರಳು ಚುಚ್ಚಿಯೇ ನೋಡಬೇಕು.

ಮೊದಲ ವಾರದಲ್ಲೇ ಕಂಡದ್ದು ನೀರುದೋಸೆ. ತಿಂದು ಮುಕ್ಕಾಲು ಗಂಟೆಗೆ ಗೆರೆ ಕಡಿದಾಗಿ ಏರಿತು, ಎರಡು ಗಂಟೆಗೆ ಸಾಕಷ್ಟು ಇಳಿದಿತ್ತು. ಎರಡು ಗಂಟೆಯ ರಕ್ತ ಕೊಟ್ಟಿದ್ದರೆ ಚೀಟಿಯಲ್ಲಿ ಒಳ್ಳೆಯ ಅಂಕಿ ಬರುತ್ತಿತ್ತು. ಬೆಂಚಿನಲ್ಲಿ ಕೂತು ಎದ್ದುಹೋದ ಎಷ್ಟು ಜನರ ಆ ಏರು ನಮ್ಮ ಕೈತಪ್ಪಿತೋ! ಊಟದ ಮೇಲೆ ಅಂಗಳದಲ್ಲಿ ನಡೆದ ದಿನ ಅದೇ ಗೆರೆ ತಗ್ಗಿತು. ನನ್ನ ತೋಳಿನ ಗೆರೆ ನನ್ನದು, ಇನ್ನೊಬ್ಬರದು ಬೇರೆ ಇರಬಹುದು. ಅವರವರದು ಅವರವರಿಗೆ ಕಾಣುವುದೇ ಇದರ ಲಾಭ.

ಇದು ಎಲ್ಲರಿಗೂ ಸದಾ ಬೇಕೆಂದು ನಾನು ಹೇಳುವುದಿಲ್ಲ. ಮಾತ್ರೆಯಲ್ಲಿ ಹತೋಟಿಯಲ್ಲಿರುವವರು ಡಾಕ್ಟರನ್ನು ಕೇಳಿ ಒಮ್ಮೆ ಹಾಕಿ ನೋಡಿದರೆ ಬೇಕಾದಷ್ಟು ಕಲಿಯಬಹುದು. ಇನ್ಸುಲಿನ್ನೇ ಆಧಾರವಾದ ಟೈಪ್ 1 ಮಕ್ಕಳ ಮಾತು ಬೇರೆ. ಅವರಿಗೆ ರಾತ್ರಿಯ ಇಳಿತ ಪ್ರಾಣದ ಪ್ರಶ್ನೆ. ಎರಡು ವಾರದ ಒಂದು ಸೆನ್ಸರಿಗೆ ಕೆಲವು ಸಾವಿರ ರೂಪಾಯಿ. ಬೀಡಿ ಕಟ್ಟುವ ಮನೆಗೆ ಅದು ನಿಲುಕುವುದಿಲ್ಲ. ವೆನ್ಲಾಕಿಗೆ ಬರುವ ಟೈಪ್ 1 ಮಕ್ಕಳಿಗೂ ಲೇಡಿ ಗೋಷನ್ ಹೆರಿಗೆ ಆಸ್ಪತ್ರೆಗೆ ಬರುವ ಇನ್ಸುಲಿನ್ ಮೇಲಿರುವ ಗರ್ಭಿಣಿಯರಿಗೂ ಸರಕಾರ ಇದನ್ನು ಉಚಿತವಾಗಿ ಕೊಡಬೇಕು. ಊರಿನ ದಾನಿಗಳು ಡಯಾಲಿಸಿಸ್ ಯಂತ್ರಗಳಿಗೆ ಕೊಡುವಾಗ ಒಂದು ಪಾಲನ್ನು ಇದಕ್ಕೂ ತೆಗೆದಿಡಲಿ.