ಹಂಚು, ಮೈಲುತುತ್ತು, ಕಡದ ಪುಸ್ತಕ: ಬಂಟ್ವಾಳ–ಬೆಳ್ತಂಗಡಿ ಭಾಗದ ಹಾರ್ಡ್‌ವೇರ್ ಅಂಗಡಿಗಳ ಕುರಿತು ಒಂದು ಟಿಪ್ಪಣಿ

ಧರ್ಮಸ್ಥಳ, ಉಜಿರೆ, ಬೆಳ್ತಂಗಡಿ, ಮೂಡುಬಿದಿರೆ ಪೇಟೆಗಳ ಹಾರ್ಡ್‌ವೇರ್ ಅಂಗಡಿಗಳ ವ್ಯಾಪಾರ ಇಳಿದ ಮಾತು ಬಂದರೆ ಸಾಮಾನ್ಯವಾಗಿ ಎರಡು ಕಾರಣ ಹೇಳುತ್ತಾರೆ: ಆನ್‌ಲೈನ್ ಮಾರಾಟ ಮತ್ತು ಮಂಗಳೂರಿನ ದೊಡ್ಡ ಷೋರೂಮುಗಳು. ಎರಡೂ ಸುಳ್ಳಲ್ಲ. ಆದರೆ ಇವೆರಡಕ್ಕಿಂತ ಮೊದಲೇ, ಕಡದ ವ್ಯವಹಾರ ಅಂಗಡಿಯ ಕೈತಪ್ಪಿದಾಗಲೇ, ಈ ವ್ಯಾಪಾರದ ಬುಡ ಸಡಿಲವಾಯಿತು ಎಂಬುದು ನನ್ನ ವಾದ.

ಹಳೆಯ ಮುಳಿಹುಲ್ಲಿನ ಮಾಡಿಗೆ ಕಬ್ಬಿಣ ಹೆಚ್ಚು ಬೇಕಿರಲಿಲ್ಲ. ಬಿದಿರು, ಬಳ್ಳಿ, ಹಗ್ಗದಲ್ಲಿ ಕೆಲಸ ಮುಗಿಯುತ್ತಿತ್ತು. ಬೇಕಾದ ಕತ್ತಿ, ಹಾರೆಗಳನ್ನು ಊರಿನ ಆಚಾರಿಯೇ ಮಾಡಿಕೊಡುತ್ತಿದ್ದ. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಲೆಕ್ಕ ಬದಲಾಯಿತು. ಹಂಚಿನ ಮಾಡಿಗೆ ಪಕ್ಕಾಸು ಬೇಕು, ಪಕ್ಕಾಸಿನ ಮೇಲೆ ರೀಪು ಬೇಕು, ರೀಪು ನಿಲ್ಲಲು ಆಣಿ ಬೇಕು. ತೂಕದ ಲೆಕ್ಕದಲ್ಲಿ ಆಣಿ ಮಾರುವ ಅಂಗಡಿಗೆ ಈ ಸೀಮೆಯಲ್ಲಿ ಗಿರಾಕಿ ಹುಟ್ಟಿಸಿದ್ದು ಹಂಚು ಎಂದು ಹೇಳಬಹುದು. ಹಂಚೇ ಮೂಲೆಗೆ ಸರಿದು ಕಾಂಕ್ರೀಟು ಬಂದಾಗ ಆ ಗಿರಾಕಿ ಸಿಮೆಂಟು–ಸರಳಿನತ್ತ ಹೊರಳಿದ.

ಸರಕು ಬರುತ್ತಿದ್ದ ದಾರಿಯನ್ನೂ ಗಮನಿಸಬೇಕು. ಮಂಗಳೂರಿನಿಂದ ನೇತ್ರಾವತಿಯಲ್ಲಿ ದೋಣಿಗಳು ಬಂಟ್ವಾಳದವರೆಗೆ ಬರುತ್ತಿದ್ದವು. ಅಲ್ಲಿಂದ ಚಾರ್ಮಾಡಿ ಘಾಟಿಯ ಕಡೆಗೆ ಗಾಡಿ. ಬಂಟ್ವಾಳ ಪೇಟೆ ನದಿಗೆ ಅಷ್ಟು ಒತ್ತಿಕೊಂಡು ಬೆಳೆದದ್ದು ಇದೇ ಕಾರಣಕ್ಕೆ. 1923 ಮತ್ತು 1974ರ ನೆರೆಗಳಲ್ಲಿ ಅದು ಮುಳುಗಿದ್ದೂ ಇದೇ ಕಾರಣಕ್ಕೆ. ಲಾರಿ ಕಾಲ ಬಂದಾಗ ವ್ಯಾಪಾರ ಹೆದ್ದಾರಿ ಕೂಡುವ ಬಿ.ಸಿ. ರೋಡಿಗೆ ಸರಿಯಿತು, ಹಳೆಯ ಪೇಟೆ ಹಿಂದೆ ಬಿತ್ತು. ಅಂದರೆ ಒಳ್ಳೆಯ ಅಂಗಡಿ ಇದ್ದೂ ದಾರಿ ತಪ್ಪಿದ್ದಕ್ಕೆ ಸೊರಗುವುದು ಇಲ್ಲಿ ಹೊಸತೇನಲ್ಲ. ಸಗಟು ಮಾತ್ರ ಮಂಗಳೂರಿನ ಬಂದರು ಪ್ರದೇಶದಲ್ಲೇ, ಅಜೀಜುದ್ದೀನ್ ರಸ್ತೆಯ ಸುತ್ತಮುತ್ತ, ಉಳಿಯಿತು.

ಏಳಿಗೆಯ ಕಾಲ 1974ರ ನಂತರದ್ದು. ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ಒಕ್ಕಲುಗಳು ಭೂಮಾಲಕರಾದರು. ಇನ್ನೊಬ್ಬರ ನೆಲದಲ್ಲಿ ಗಟ್ಟಿ ಮನೆ ಕಟ್ಟಲು, ಪಂಪು ಕೂರಿಸಲು, ಅಡಿಕೆ ಸಸಿ ಇಡಲು ಹಿಂಜರಿಯುತ್ತಿದ್ದ ಕುಟುಂಬಗಳು ಈಗ ಮೂರನ್ನೂ ಮಾಡಿದವು. ಸಿಮೆಂಟು ಆಗ ಸರ್ಕಾರದ ನಿಯಂತ್ರಣದಲ್ಲಿತ್ತು. 1982ರಲ್ಲಿ ಭಾಗಶಃ, 1989ರ ಮಾರ್ಚ್‌ನಲ್ಲಿ ಪೂರ್ತಿ ಮುಕ್ತವಾಯಿತು. ಪರ್ಮಿಟ್ಟಿಗಾಗಿ ಕಾಯುತ್ತಿದ್ದವನು ನೇರ ಅಂಗಡಿಗೆ ಬಂದ. ಭೂಸುಧಾರಣೆಯ ಚರಿತ್ರೆ ಬರೆದವರು ಅಂಗಡಿಯ ಗಲ್ಲೆಯತ್ತ ನೋಡಿದ್ದು ಕಡಿಮೆ.

ಈಗ ಕಡದ ವಿಷಯ. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿ ಈ ಪ್ರಾಂತದ ತೋಟಗಳಲ್ಲಿ ನೆಲೆಯೂರಿದ್ದು ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರಿನಲ್ಲಿ 1910ರ ಹೊತ್ತಿಗೆ ನಡೆಸಿದ ಸಂಶೋಧನೆಯ ಫಲವಾಗಿ. ಶೇಕಡಾ ಒಂದರ ದ್ರಾವಣಕ್ಕೆ ನೂರು ಲೀಟರ್ ನೀರು, ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕಬ್ಬಿಣದ ಪಾತ್ರೆ ಆಗದು. ಹದ ನೋಡಲು ಉಜ್ಜಿದ ಚೂರಿಯನ್ನು ಅದ್ದಿ ತೆಗೆಯುತ್ತಾರೆ. ಅಲಗು ತಾಮ್ರದ ಬಣ್ಣಕ್ಕೆ ತಿರುಗಿದರೆ ಇನ್ನಷ್ಟು ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಿಂಪಡಣೆ, ನಲವತ್ತು–ನಲವತ್ತೈದು ದಿನ ಬಿಟ್ಟು ಇನ್ನೊಂದು. ಮೈಲುತುತ್ತು, ಡ್ರಮ್ಮು, ಗಟಾರ್ ಪಂಪಿನ ಬಿಡಿಭಾಗ, ಟಾರ್ಪಾಲು ಎಲ್ಲವೂ ಮೇ ಕೊನೆಯ ಪತ್ತನಾಜೆಯ ಆಚೀಚೆ, ಒಂದೇ ಗಡಿಬಿಡಿಯಲ್ಲಿ ಬೇಕು. ಮಾಡಿನ ಕೆಲಸವೂ ಆಗಲೇ ಮುಗಿಯಬೇಕು. ಆದರೆ ಕೃಷಿಕನ ಕೈಗೆ ಹಣ ಬರುವುದು ಅಡಿಕೆ ಕೊಯ್ದು, ನಲವತ್ತು ದಿನ ಅಂಗಳದಲ್ಲಿ ಒಣಗಿಸಿ, ಸುಲಿದು ಮಾರಿದ ಮೇಲೆ. ಮಳೆಗಾಲದ ಆಟಿ ತಿಂಗಳಲ್ಲಿ ಒಯ್ದ ಸರಕಿನ ಬಾಕಿ ಮುಂದಿನ ಬೇಸಗೆಯಲ್ಲಿ ತೀರುತ್ತಿತ್ತು. ಬಂದರಿನ ಸಗಟುದಾರ ಅಷ್ಟು ದಿನ ಕಾಯುವವನಲ್ಲ. ನಡುವಿನ ತಿಂಗಳುಗಳನ್ನು ಅಂಗಡಿಯವನೇ ಹೊರುತ್ತಿದ್ದ, ಅದರ ಬಡ್ಡಿಯನ್ನು ಸರಕಿನ ಬೆಲೆಯೊಳಗೆ ಸೇರಿಸುತ್ತಿದ್ದ. ದಿನದ ಗಲ್ಲೆಯಿಂದ ಸ್ವಲ್ಪ ಪಿಗ್ಮಿ ಠೇವಣಿಗೆ ಹೋಗುತ್ತಿತ್ತು. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಶುರುಮಾಡಿದ ಈ ಯೋಜನೆ ಇಂಥ ವ್ಯಾಪಾರಿಗೇ ಹೊಲಿಸಿದ ಅಂಗಿಯಂತಿತ್ತು. ಕಡ ಇರುವ ಗಿರಾಕಿ ಬೇರೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಕಡವನ್ನು ಅಂಗಡಿಯವನ ಔದಾರ್ಯವೆಂದು ನೆನೆಯುವವರು ಈ ಕಟ್ಟುಪಾಡನ್ನು ಮರೆಯುತ್ತಾರೆ.

ಅಂಗಡಿಯ ಹೊರಗೆ ಸಾಲ ಸಿಗತೊಡಗಿದಾಗ ಈ ಕಟ್ಟುಪಾಡು ಸಡಿಲವಾಯಿತು. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಆರಂಭವಾಯಿತು. ಮುಂದೆ ಅದರ ಸ್ವಸಹಾಯ ಸಂಘಗಳ ಮೂಲಕ ವಾರದ ಕಂತಿನ ಸಾಲ ಮನೆಬಾಗಿಲಿಗೆ ಬಂತು. ಪ್ರಾಥಮಿಕ ಕೃಷಿ ಸಹಕಾರಿ ಸಂಘಗಳಲ್ಲಿ ಬಡ್ಡಿಯಿಲ್ಲದ ಬೆಳೆಸಾಲ ಸಿಕ್ಕಿತು. 3 ಲಕ್ಷ ರೂಪಾಯಿಯಿದ್ದ ಅದರ ಮಿತಿಯನ್ನು 5 ಲಕ್ಷಕ್ಕೆ ಏರಿಸುವ ಘೋಷಣೆ 2023ರ ರಾಜ್ಯ ಬಜೆಟ್‌ನಲ್ಲಿ ಬಂತು. ಎಷ್ಟೋ ಸೊಸೈಟಿಗಳು ಮೈಲುತುತ್ತನ್ನೂ ತಾವೇ ಮಾರುತ್ತವೆ. ಕೈಯಲ್ಲಿ ನಗದು ಇರುವ ಕೃಷಿಕ ಬಿ.ಸಿ. ರೋಡಿಗೋ ಮಂಗಳೂರಿಗೋ ಹೋಗಿ ದರ ಚೌಕಾಶಿ ಮಾಡಬಲ್ಲ. ಮೊಬೈಲಿನಲ್ಲಿ ಬೆಲೆ ನೋಡುವ ಚಾಳಿ ಈ ಸ್ವಾತಂತ್ರ್ಯ ಸಿಕ್ಕಿದ ಮೇಲಿನದು, ಅದಕ್ಕೆ ಕಾರಣವಲ್ಲ. ಕೃಷಿಕನ ದೃಷ್ಟಿಯಿಂದ ಇದು ನಷ್ಟವೇ ಅಲ್ಲ ಎಂಬುದನ್ನೂ ಹೇಳಬೇಕು.

ಪೂರೈಕೆಯ ಕಡೆಯಿಂದಲೂ ಹಿಡಿತ ತಪ್ಪಿತು. ಪೈಂಟು ಬೆರೆಸುವ ಯಂತ್ರ ಇಟ್ಟವನು ಆ ಕಂಪನಿಗೆ ಕಟ್ಟುಬಿದ್ದ. ಪೈಪು, ಸಿಮೆಂಟಿನ ಡೀಲರನಿಗೆ ಟಾರ್ಗೆಟ್ಟಿನ ಚಿಂತೆ. ಹೊಸ ಸಲಕರಣೆಗಳಂತೂ ಅಂಗಡಿಯನ್ನು ಬದಿಗಿಟ್ಟೇ ಬಂದವು. 1988ರಿಂದ ಪುತ್ತೂರಿನಲ್ಲಿ ಹೊರಡುವ ‘ಅಡಿಕೆ ಪತ್ರಿಕೆ’ ಕೃಷಿಕರನ್ನೂ ಸಲಕರಣೆ ರೂಪಿಸುವವರನ್ನೂ ಜೋಡಿಸಿತು. ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯನ್ನು ಜನ ಮೊದಲು ಕೈಯಲ್ಲಿ ಹಿಡಿದು ನೋಡಿದ್ದು ತರಬೇತಿ ಶಿಬಿರಗಳಲ್ಲಿ, ಯಂತ್ರಮೇಳಗಳಲ್ಲಿ.

ಧರ್ಮಸ್ಥಳ ಪೇಟೆಯದು ಬೇರೆಯೇ ಕಥೆ. ಅಲ್ಲಿಯ ರಸ್ತೆ ಯಾತ್ರಿಕರದು. ಅಂಗಡಿಸಾಲು ಪೂಜಾಸಾಮಗ್ರಿ, ಆಟಿಕೆ, ಚೀಲಗಳದು. ನಲ್ಲಿ, ವಯರು, ಬೀಗಕ್ಕೆ ಊರವರು ಉಜಿರೆಗೆ ಇಳಿಯುತ್ತಾರೆ.

ಉಳಿದ ಅಂಗಡಿಗಳ ಬಲ ಬಿಡಿಭಾಗದಲ್ಲಿದೆ. ಆಟಿಯಲ್ಲಿ ಮಳೆ ಎರಡು ಗಂಟೆ ಬಿಟ್ಟಾಗ ಪಂಪಿನ ವಾಶರ್ ಹರಿದರೆ ನಾಳೆ ಬರುವ ಪಾರ್ಸೆಲಿನಿಂದ ಉಪಯೋಗವಿಲ್ಲ. ಇತ್ತ ಪುಂಜಾಲಕಟ್ಟೆಯಿಂದ ಚಾರ್ಮಾಡಿ ಕಡೆಗೆ ಹೆದ್ದಾರಿ ಅಗಲವಾಗುತ್ತಿದೆ, ಅಂಗಡಿಯ ಮುಂದಿನ ಜಾಗ ಕಿರಿದಾಗುತ್ತಿದೆ. ಅಂಗಳವಿದ್ದವನು ಸರಳು, ಸಿಮೆಂಟನ್ನು ಇಳಿಸಿಕೊಳ್ಳುತ್ತಾನೆ. ಲಾರಿ ನಿಲ್ಲಿಸಲು ಜಾಗವಿಲ್ಲದವನು ವಾಶರು, ತಿರುಪು, ಫುಟ್‌ವಾಲ್ವ್‌ಗಳಿಗೆ ಹಿಂದೆ ಸರಿಯುತ್ತಾನೆ. ವಹಿವಾಟಿನ ಮೊತ್ತ ಇಳಿಯುತ್ತದೆ ನಿಜ; ಆದರೆ ಲಾಭಾಂಶ ಹೆಚ್ಚಿರುವುದು ಸಿಮೆಂಟಿನ ಚೀಲದಲ್ಲಲ್ಲ, ಈ ಸಣ್ಣ ಸರಕಿನಲ್ಲೇ.