ಮೇಲೊಬ್ಬರು, ಕೆಳಗೊಬ್ಬರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ಈ ನಾಲ್ಕು ತಾಲ್ಲೂಕುಗಳು ಸೇರಿದರೆ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಒಂದು ಜಿಲ್ಲೆ. ನನ್ನ ತವರು, ಅತ್ತೆಮನೆ, ನಾದಿನಿಯರ ಮನೆ ಎಲ್ಲವೂ ಈ ನಾಲ್ಕರೊಳಗೇ ಇರುವುದರಿಂದ ನನ್ನ ಪಾಲಿಗೂ ಅದು ಒಂದೇ ಸೀಮೆ. ಈಚೆಗೆ ಇಲ್ಲಿನ ಪೇಟೆಯ ಮನೆಗಳಿಗೂ ಹೊಸ ನೆಂಟನೊಬ್ಬ ಬಂದಿದ್ದಾನೆ. ಒಂದರ ಮೇಲೊಂದು ಕೂತ ಜೋಡಿ ಮಂಚ, ಅಂಗಡಿಯವರ ಬಾಯಲ್ಲಿ ಬಂಕ್ ಬೆಡ್. "ಇಬ್ಬರು ಮಕ್ಕಳು, ಒಂದೇ ರೂಮು, ಜಾಗ ಉಳಿಯುತ್ತೆ ಕಣಮ್ಮ" ಎನ್ನುತ್ತಾರೆ. ಜಾಗವೇನೋ ಉಳಿಯುತ್ತದೆ, ನಿಜ. ಅದರ ಜೊತೆಗೆ ಏನು ಕಳೆಯುತ್ತದೆ ಎಂದು ತಿಳಿಯಬೇಕಾದರೆ, ನಮ್ಮ ಮಕ್ಕಳು ಇಷ್ಟು ಕಾಲ ಎಲ್ಲಿ ಮಲಗುತ್ತಿದ್ದರು ಎಂದು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ನಮ್ಮ ಅಜ್ಜಿಯರ ಕಾಲದ ಮನೆಗಳಲ್ಲಿ ಎತ್ತರವೆಲ್ಲ ಸಾಮಾನಿಗೆ, ನೆಲವೆಲ್ಲ ಮನುಷ್ಯರಿಗೆ. ಅಟ್ಟದ ಮೇಲೆ ಕುಂಬಳಕಾಯಿ, ಹುಣಸೆಹಣ್ಣು, ಬಿತ್ತನೆ ಬೀಜ, ಹಬ್ಬದ ದೊಡ್ಡ ಪಾತ್ರೆ. ಹೊಲದಲ್ಲಿ ಅಟ್ಟಣೆ ಹತ್ತಿ ಮಲಗುವವನು ಒಬ್ಬನಿದ್ದ. ಆದರೆ ಅವನು ಕಾವಲುಗಾರ, ನಿದ್ದೆ ಮಾಡದಿರುವುದೇ ಅವನ ಕೆಲಸ! ಮಕ್ಕಳಿಗೆ ನಡುಮನೆಯಲ್ಲಿ ಈಚಲು ಚಾಪೆ, ಅದರ ಮೇಲೆ ಹಳೆ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ, ಹೊದೆಯಲು ಕುರುಬರು ನೇಯ್ದ ಕರಿ ಕಂಬಳಿ. ಕುರಿ ಸಾಕಣೆ ನಮ್ಮ ಶಿರಾ, ಪಾವಗಡದ ಬಯಲುಗಳ ಹಳೆಯ ಕಸುಬು. ಹುಣಸೆ ಬೀಜದ ಗಂಜಿ ಕುಡಿದು ಗಟ್ಟಿಯಾದ ಆ ಕಂಬಳಿ ಚುಚ್ಚುತ್ತಿತ್ತು, ಆದರೆ ತಲೆಮಾರು ಬಾಳುತ್ತಿತ್ತು. ಬೇಸಿಗೆಯಲ್ಲಿ ಮನೆ ಮಂದಿಯೆಲ್ಲ ಮಣ್ಣಿನ ಮಾಳಿಗೆಯ ಮೇಲೆ ಸಾಲಾಗಿ ಮಲಗುತ್ತಿದ್ದರು. ಅಲ್ಲಿಯೂ ಮಕ್ಕಳು ನಡುವೆ, ದೊಡ್ಡವರು ಅಂಚಿಗೆ. ಆ ಸಾಲಿನಲ್ಲೇ ಒಂದು ಲೆಕ್ಕವಿತ್ತು ನೋಡಿ. ಯಾವ ಮಗು ಹೊರಳಿದರೂ ಕೆಮ್ಮಿದರೂ ಅಮ್ಮನ ಕೈಗೆ ಎಟುಕುತ್ತಿತ್ತು.

ಹಾಗೆಂದು ನೆಲದ ಹಾಸಿಗೆಯನ್ನು ಹೊಗಳಿ ಅಟ್ಟಕ್ಕೇರಿಸುವುದು ಬೇಡ. ಚೇಳು, ಮಳೆಗಾಲದ ಥಂಡಿ, ಬೆಳಗಾಗುತ್ತಲೇ ಸೊಂಟ ಹಿಡಿದುಕೊಳ್ಳುವುದು ಎಲ್ಲ ಇತ್ತು. ಮನೆಗೆ ಒಂದು ನವಾರಿನ ಮಂಚವಿದ್ದರೆ ಅದು ಯಜಮಾನರದು. ದಿನವಿಡೀ ನಿಂತೇ ದುಡಿದ ಹೆಂಗಸು ನೆಲದಲ್ಲೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಹೆಚ್ಚು ಕೇಳಿಸಿಕೊಂಡವರು ಹಾಸಿಗೆಯೇ ಇಲ್ಲದವರು.

ಒಂದರ ಮೇಲೊಂದು ಮಲಗುವ ಪದ್ಧತಿ ಮನೆಯಲ್ಲಿ ಹುಟ್ಟಿದ್ದಲ್ಲ. ಹಡಗು, ಸೈನಿಕರ ಬಿಡಾರ, ರೈಲು – ಕಡಿಮೆ ಜಾಗದಲ್ಲಿ ಹೆಚ್ಚು ಜನರನ್ನು ಮಲಗಿಸಬೇಕಾದ ಕಡೆಗಳಲ್ಲಿ ಬೆಳೆದದ್ದು. ನಮ್ಮೂರುಗಳವರು ಅದನ್ನು ಮೊದಲು ಕಂಡದ್ದು ರೈಲಿನಲ್ಲೇ ಇರಬೇಕು, ಅದೂ ತುಮಕೂರಿಗೋ ಹಿಂದೂಪುರಕ್ಕೋ ಹೋಗಿ ಹತ್ತಿದಾಗ. ಎರಡನೇ ದರ್ಜೆಯ ಆ ಬರ್ತುಗಳು ಬಹುಕಾಲ ಬರೀ ಮರದ ಹಲಗೆಗಳು. 1977ರಿಂದ 1979ರವರೆಗೆ ರೈಲ್ವೆ ಮಂತ್ರಿಯಾಗಿದ್ದ ಮಧು ದಂಡವತೆಯವರು ಅವಕ್ಕೆ ಮೆತ್ತೆ ಹಾಕಿಸಲು ಶುರು ಮಾಡಿದರು. ವಯಸ್ಸಾದವರಿಗೂ ಬಸುರಿಯರಿಗೂ ಕೆಳಗಿನ ಬರ್ತು ಮೀಸಲಿಡುವ ರೈಲ್ವೆಯವರಿಗೆ ಮೇಲೆ ಹತ್ತುವ ಕಷ್ಟ ಗೊತ್ತಿದೆ.

ಆಮೇಲೆ ಜೋಡಿ ಮಂಚ ಬಂದದ್ದು ಹಾಸ್ಟೆಲುಗಳಿಗೆ, ವಸತಿ ಶಾಲೆಗಳಿಗೆ. ಇಲ್ಲಿ ನಾನು ಅದಕ್ಕೊಂದು ನಮಸ್ಕಾರ ಹಾಕಲೇಬೇಕು. ಹಳ್ಳಿಯಿಂದ ಓದಲು ಬಂದ ಎಷ್ಟೋ ಹೆಣ್ಣುಮಕ್ಕಳಿಗೆ ಆ ಕಬ್ಬಿಣದ ಮೇಲ್ಮಂಚವೇ ಜೀವನದಲ್ಲಿ ಮೊದಲ ಸ್ವಂತ ಜಾಗ. ಟ್ರಂಕು ಕೆಳಗೆ, ಪುಸ್ತಕ ತಲೆದಿಂಬಿನ ಪಕ್ಕ, ಗೋಡೆಗೆ ಅಂಟಿಸಿದ ವೇಳಾಪಟ್ಟಿ. ನನ್ನ ನಾದಿನಿಯ ಮಗಳು ಹಾಗೆ ಓದಿ ನರ್ಸ್ ಆದಳು. "ಅತ್ತೆ, ಅಲ್ಲಿ ಮಾತ್ರ ಯಾರೂ ನನ್ನನ್ನ ಎಬ್ಬಿಸಿ ನೀರು ತರೋಕೆ ಕಳಿಸ್ತಿರಲಿಲ್ಲ" ಎಂದು ಅವಳು ನಗುತ್ತಾ ಹೇಳುವಾಗ ನನಗೆ ನಗು ಬರುವುದಿಲ್ಲ.

ಆದರೆ ಹಾಸ್ಟೆಲಿನ ಹುಡುಗಿ ಹದಿಮೂರು ಹದಿನಾಲ್ಕರವಳು. ಮನೆಯಲ್ಲಿ ನಾವು ಮೇಲೆ ಹತ್ತಿಸುವುದು ನಾಲ್ಕೈದು ವರ್ಷದ ಮಗುವನ್ನು. ಬೆಂಗಳೂರಿನ ನನ್ನ ತಂಗಿಯ ಮನೆಯಲ್ಲಿ ಜೋಡಿ ಮಂಚವಿತ್ತು. ಒಂದು ರಾತ್ರಿ ಮೇಲಿದ್ದ ದೊಡ್ಡ ಮಗನಿಗೆ ಜ್ವರ, ವಾಂತಿ. ಅವಳು ಒಂದು ಕೈಯಲ್ಲಿ ಬೇಸಿನ್ನು, ಒಂದು ಕೈಯಲ್ಲಿ ಏಣಿ ಹಿಡಿದು ಹತ್ತುವಷ್ಟರಲ್ಲಿ ಮೇಲಿನ ಹಾಸಿಗೆಯೂ ಆಯಿತು, ಕೆಳಗೆ ಮಲಗಿದ್ದ ಚಿಕ್ಕವನ ತಲೆಯೂ ಆಯಿತು. ಆಮೇಲೆ ಆ ಭಾರದ ಹಾಸಿಗೆಯನ್ನು ಇಳಿಸಿ ಬಿಸಿಲಿಗೆ ಹಾಕಲು ಇಬ್ಬರು ಬೇಕಾಯಿತು. ದಿನಾ ಹೊದಿಕೆ ಸರಿ ಮಾಡುವುದೇ ಏಣಿ ಹತ್ತುವ ಕೆಲಸ. ಹಾಸಿಗೆ ಒದ್ದೆ ಮಾಡುವ ಮಗುವಿದ್ದರಂತೂ ಕೇಳುವುದೇ ಬೇಡ. ರಾತ್ರಿ ಉಚ್ಚೆಗೆ ಎದ್ದ ಮಗು ನಿದ್ದೆಗಣ್ಣಿನಲ್ಲಿ ಏಣಿ ಹುಡುಕಬೇಕು.

ಮುಖ್ಯವಾದ ಭಯ ಬೀಳುವುದು. 1990ರಿಂದ 2005ರವರೆಗಿನ ಲೆಕ್ಕ ತೆಗೆದ ಅಮೆರಿಕದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಅಲ್ಲಿ ಇಂಥ ಮಂಚಗಳಿಂದ ಪೆಟ್ಟಾಗಿ ತುರ್ತು ಚಿಕಿತ್ಸೆಗೆ ಬಂದ ಮಕ್ಕಳು ಮತ್ತು ಎಳೆಯರು ವರ್ಷಕ್ಕೆ ಸರಾಸರಿ 35,790. ಹೆಚ್ಚಿನವರು ಬಿದ್ದವರೇ. ಆ ದೇಶ 1999ರಲ್ಲೇ ಈ ಮಂಚಗಳಿಗೆ ಕಡ್ಡಾಯ ನಿಯಮ ಮಾಡಿತ್ತು: ಮೇಲ್ಮಂಚಕ್ಕೆ ಎರಡೂ ಕಡೆ ತಡೆಕಟ್ಟು ಇರಬೇಕು, ಅದರ ತುದಿ ಹಾಸಿಗೆಗಿಂತ 5 ಅಂಗುಲವಾದರೂ ಮೇಲಿರಬೇಕು, ಮಗುವಿನ ಮೈ ನುಸುಳಿ ತಲೆ ಸಿಕ್ಕಿಕೊಳ್ಳದಂತೆ ಮೇಲ್ಮಂಚದ ಸಂದುಗಳು ಮೂರೂವರೆ ಅಂಗುಲ ಮೀರಬಾರದು, 6 ವರ್ಷದೊಳಗಿನ ಮಕ್ಕಳನ್ನು ಮೇಲೆ ಮಲಗಿಸಬಾರದೆಂದು ಮಂಚದ ಮೇಲೇ ಬರೆದಿರಬೇಕು.

ನಮ್ಮಲ್ಲಿ ಇನ್ನೂ ಒಂದು ಅಪಾಯವಿದೆ, ಅದು ಸೀಲಿಂಗ್ ಫ್ಯಾನು. ಹತ್ತಡಿ ಎತ್ತರದ ಕೋಣೆಯಲ್ಲಿ ಐದಡಿ ಮೇಲಿನ ಹಾಸಿಗೆಯ ಮೇಲೆ ಮಗು ಎದ್ದು ನಿಂತು ಕೈ ಎತ್ತಿದರೆ ರೆಕ್ಕೆ ಎಷ್ಟು ದೂರ, ನೀವೇ ಅಳೆದು ನೋಡಿ. ಫ್ಯಾನು ಬೇಡವೆಂದರೆ ಪಾವಗಡದ ಏಪ್ರಿಲ್ ತಿಂಗಳಿನಲ್ಲಿ ಕಾದ ತಾರಸಿಯ ಕೆಳಗೆ ಮಗುವಿಗೆ ನಿದ್ದೆ ಎಲ್ಲಿಂದ? ಬಿಸಿ ಗಾಳಿ ಸೇರುವುದೇ ಮೇಲೆ.

ಅತ್ತೆ ಸೊಸೆ ಕೂತು ಲೆಕ್ಕ ಹಾಕುವುದಾದರೆ ನನ್ನ ಸಲಹೆ ಇಷ್ಟೇ. ಮಕ್ಕಳಿಗೆ ಆರು ತುಂಬುವವರೆಗೆ ಜೋಡಿ ಮಂಚದ ಮಾತು ಬೇಡ. ಜಾಗ ಸಾಲದಿದ್ದರೆ ದೊಡ್ಡ ಮಂಚದ ಅಡಿಗೆ ಗಾಲಿಯ ಮೇಲೆ ತಳ್ಳುವ ತಗ್ಗು ಮಂಚವನ್ನು ಊರಿನ ಬಡಗಿಯೇ ಮಾಡಿಕೊಡುತ್ತಾನೆ. ಹಗಲು ಒಳಗೆ ತಳ್ಳಿದರೆ ಆಡಲು ಜಾಗ, ರಾತ್ರಿ ಎಳೆದರೆ ಹಾಸಿಗೆ. ಅದೂ ಆಗದಿದ್ದರೆ ಸುರುಳಿ ಸುತ್ತಿ ಮೂಲೆಗಿಡುವ ಹಾಸಿಗೆ ಸಾಕು. ಮಕ್ಕಳು ಬೆಳೆದ ಮೇಲೆ ಬಂಕ್ ತಂದರೂ ತಡೆಕಟ್ಟು, ಏಣಿ, ಫ್ಯಾನು ಮೂರನ್ನೂ ಟೇಪು ಹಿಡಿದು ನೋಡಿ. ಮೇಲಿನ ಜಾಗ ಯಾರಿಗೆ ಎಂಬ ಜಗಳ ಬಂದಾಗ, ಓದುವ ಮಗಳಿಗೆ ಕೇಳಿದ್ದನ್ನು ಕೊಡಿ. ಅವಳಿಗೂ ಮನೆಯಲ್ಲಿ ಒಂದು ಸ್ವಂತ ಮೂಲೆ ಬೇಕು.